ಕೆಂಪು ನೆಲಕ್ಕೆ ಬಿದ್ದ ಆಸಿಡ್

ಮನೆ ರಿಪೇರಿಗೆ ಕೈ ಹಾಕುವವರಿಗೆ ಎಲ್ಲರೂ ಕೊಡುವ ಎಚ್ಚರಿಕೆ ಒಂದೇ: ಅಂದಾಜಿಗಿಂತ ಖರ್ಚು ಜಾಸ್ತಿ ಆಗುತ್ತೆ, ಹೇಳಿದ ದಿನಕ್ಕೆ ಮುಗಿಯಲ್ಲ. ಎರಡಕ್ಕೂ ನಾವು ತಯಾರಾಗೇ ಇದ್ವಿ. ಆದರೆ ರಿಪೇರಿಯೇ ಬೇಡದ, ಚೆನ್ನಾಗಿದ್ದ ವಸ್ತು ಕೆಲಸದವರ ಕೈಯಲ್ಲಿ ಹಾಳಾದರೆ ಏನು ಮಾಡಬೇಕು ಅಂತ ಯಾರೂ ಹೇಳಿರಲಿಲ್ಲ.

ಮೈಸೂರಿನ ನಮ್ಮ ಮನೆಯಲ್ಲಿ ಮಾಡಿಸುತ್ತಿದ್ದುದು ಬಚ್ಚಲುಮನೆ ಕೆಲಸ ಮಾತ್ರ. ಅಪ್ಪನಿಗೆ ಮಂಡಿನೋವು. ನುಣುಪು ಟೈಲ್ಸ್ ತೆಗೆಸಿ ಜಾರದ ಟೈಲ್ಸ್ ಹಾಕಿಸಿ, ಹಿಡಿದುಕೊಳ್ಳಲು ಒಂದು ಕಂಬಿ ಕೂರಿಸೋಣ ಅಂತ. ನಡುಮನೆಯದು ತಾತ ಹಾಕಿಸಿದ ರೆಡ್ ಆಕ್ಸೈಡ್ ನೆಲ. ಅದನ್ನು ಮುಟ್ಟುವ ಮಾತೇ ಇರಲಿಲ್ಲ.

ಟೈಲ್ಸ್ ಮೇಲೆ ಅಂಟಿದ ಸಿಮೆಂಟ್ ಕಲೆ ತೆಗೆಯೋಕೆ ಕೊನೆಯಲ್ಲಿ ಆಸಿಡ್ ಹಾಕಿ ಉಜ್ಜುತ್ತಾರೆ. ರಾಯಚೂರು ಕಡೆಯ ಹುಡುಗ, ಇಪ್ಪತ್ತು ವರ್ಷ ಇರಬಹುದು, ಆ ಬಕೆಟ್ ಹಿಡಿದು ನಡುಮನೆ ದಾಟುವಾಗ ಬಕೆಟ್ಟಿನ ಹಿಡಿ ಕಿತ್ತು ಬಂತು. ನೆಲ ಬುಸ್ಸೆಂದು ನೊರೆ ಎದ್ದಿತು. ಅಮ್ಮ ಕೂಗಿದ್ದು, "ಮೊದಲು ಕಾಲು ತೊಳ್ಕೊಳೋ ಮಗಾ!" ಅವನ ಕಾಲಿಗೆ ನೀರು ಬಿಟ್ಟು, ಕಿಟಕಿ ತೆಗೆದು, ನೆಲಕ್ಕೆ ಬಕೆಟ್ಟುಗಟ್ಟಲೆ ನೀರು ಸುರಿದು, ಮೇಲೆ ಅಡುಗೆ ಸೋಡ ಚೆಲ್ಲಿದೆವು. ಪುಣ್ಯಕ್ಕೆ ಅವನ ಕಾಲಿಗೆ ಏನೂ ಆಗಲಿಲ್ಲ. ನೆಲ ಮಾತ್ರ ಬಚ್ಚಲ ಬಾಗಿಲ ಮುಂದೆ ಮೂರಡಿ ಅಗಲಕ್ಕೆ ಮಂಕಾಗಿ, ಕೈಯಾಡಿಸಿದರೆ ಮರಳು ಮರಳು.

ಕೆಂಪು ನೆಲ ಗೊತ್ತಿಲ್ಲದವರಿಗೆ ಇದೇನು ಮಹಾ ಅನ್ನಿಸಬಹುದು. ಅದು ಟೈಲ್ಸ್ ಥರ ಒಂದು ಕಿತ್ತು ಇನ್ನೊಂದು ಅಂಟಿಸುವಂಥದ್ದಲ್ಲ. ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ ತೆಳುವಾಗಿ ಎಳೆದು, ಗಟ್ಟಿಯಾಗುವ ಮೊದಲೇ ಕರಣೆಯಲ್ಲಿ ತಿಕ್ಕಿ ತಿಕ್ಕಿ ನುಣುಪು ತರಬೇಕು. ಆಮೇಲೆ ದಿನಗಟ್ಟಲೆ ನೀರು ಕಟ್ಟಬೇಕು. ಉಳಿದ ಹೊಳಪು ವರ್ಷಗಟ್ಟಲೆ ಒರೆಸಿ, ಓಡಾಡಿ ಬರುವಂಥದ್ದು. ಆಸಿಡ್ ಸಿಮೆಂಟನ್ನೇ ತಿನ್ನುತ್ತದೆ, ಹಾಗಾಗಿ ಪಾಲಿಶ್ ಹಾಕಿದರೆ ಹೋಗುವ ಕಲೆ ಅಲ್ಲ ಇದು.

ಸಂಜೆ ಬಂದ ಕಂಟ್ರಾಕ್ಟರ್ ನೆಲ ನೋಡಿ, "ಹಳೇ ನೆಲ ಅಲ್ವಾ ಸಾರ್, ಇಡೀ ಹಾಲಿಗೆ ವಿಟ್ರಿಫೈಡ್ ಹಾಕ್ಕೊಡ್ತೀನಿ. ಲೇಬರ್ ನಂದು, ಟೈಲ್ಸ್ ಮಾತ್ರ ನೀವು ತನ್ನಿ" ಅಂದರು. ಒಡೆದವರು ಅವರು, ಹೊಸ ಕೆಲಸವೂ ಅವರಿಗೇ! ನಾನು ಬೇಡ ಅಂದಾಗ ಎರಡನೇ ದಾರಿ ತೆಗೆದರು. "ಸರಿ ಬಿಡಿ, ಆ ಹುಡುಗನ ಕೂಲಿಲಿ ಮುರ್ಕೋತೀನಿ." ಹುಡುಗ ಗೋಡೆ ಪಕ್ಕ ನಿಂತು ಕಾಲ ಬೆರಳನ್ನೇ ನೋಡುತ್ತಿದ್ದ.

ನಮ್ಮ ಆಫೀಸಲ್ಲಿ ಸರ್ವರ್ ಬಿದ್ದರೆ ಯಾರು ಬೀಳಿಸಿದರು ಅಂತ ಕೇಳೋದು ಕೊನೆಗೆ, ಬೀಳೋ ಹಾಗೆ ಇಟ್ಟಿದ್ದು ಯಾಕೆ ಅಂತ ಕೇಳೋದು ಮೊದಲು. ಇಲ್ಲೂ ಅದನ್ನೇ ಕೇಳಿದೆ. ಆ ಸೀಳು ಬಿಟ್ಟ ಬಕೆಟ್ ಯಾರದು? ಆಸಿಡ್ ತರಿಸಿದ್ದು ಯಾರು? ದಾರಿಗೆ ಪ್ಲಾಸ್ಟಿಕ್ ಹಾಸಿಸಬೇಕಾದದ್ದು ಯಾರು? ನಮ್ಮ ಒಪ್ಪಂದ ಇದ್ದದ್ದು ಕಂಟ್ರಾಕ್ಟರ್ ಜೊತೆ, ಹುಡುಗನ ಜೊತೆ ಅಲ್ಲ. ಅಪ್ಪ ಇನ್ನೂ ಚಿಕ್ಕದಾಗಿ ಹೇಳಿದರು: "ಅವನ ಕೂಲಿ ಮುರಿದ ದುಡ್ಡಲ್ಲಿ ನನ್ನ ನೆಲ ಸರಿಯಾಗೋದು ಬೇಡಪ್ಪ."

ನಮ್ಮ ಕೈಯಲ್ಲಿ ಎರಡು ವಿಷಯ ಇದ್ದವು. ಕೊಟೇಶನ್ ಹಾಳೆಯಲ್ಲೇ, ಕೊನೆಯ 10 ಪರ್ಸೆಂಟ್ ಎಲ್ಲ ಸರಿಯಾದ ಮೇಲೆ ಅಂತ ಬರೆಸಿದ್ದೆ. ಅದು 18,000 ರೂಪಾಯಿ. ಜೊತೆಗೆ ಕೆಲಸ ಶುರುವಾಗುವ ಮುಂಚಿನ ದಿನ ಫೋನಲ್ಲಿ ತೆಗೆದ ವಿಡಿಯೋ, ನೆಲವೂ ಸೇರಿ. ಸಹೋದ್ಯೋಗಿಯೊಬ್ಬರು ಗ್ರಾಹಕರ ಆಯೋಗಕ್ಕೆ ಹೋಗು ಅಂದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದುಡ್ಡು ಕೊಟ್ಟು ಪಡೆದ ಸೇವೆಯ ಲೋಪಕ್ಕೆ 2 ವರ್ಷದೊಳಗೆ ದೂರು ಕೊಡಬಹುದು. ಆದರೆ ಮೂರಡಿ ನೆಲಕ್ಕೆ ಅಷ್ಟು ದೂರ ಹೋಗುವ ಮನಸ್ಸು ನನಗಿರಲಿಲ್ಲ. ಕಂಟ್ರಾಕ್ಟರ್‌ಗೂ ಅದು ಬೇಕಿರಲಿಲ್ಲ. ಸರಿಪಡಿಸುವ ಖರ್ಚು ಅವರದು, ಮಾಡುವವರನ್ನು ನಾವು ಆರಿಸೋದು, ಹುಡುಗನ ಕೂಲಿ ಮುಟ್ಟೋ ಹಾಗಿಲ್ಲ ಅಂತ ವಾಟ್ಸಾಪಲ್ಲಿ ಬರೆದು ಕಳಿಸಿದೆ. ಎರಡು ದಿನ ಉತ್ತರವಿಲ್ಲ. ಮೂರನೇ ದಿನ "ಓಕೆ ಸಾರ್" ಅಂತ ಬಂತು.

ಈ ಕೆಲಸ ಬಲ್ಲವರನ್ನು ಹುಡುಕೋದೇ ದೊಡ್ಡ ಪಾಡು. ಕೊನೆಗೆ ಸಿಕ್ಕ ವಯಸ್ಸಾದ ಗಾರೆ ಮೇಸ್ತ್ರಿ ನೆಲಕ್ಕೆ ಕೂತು ಅಂಗೈಯಲ್ಲಿ ಸವರಿ, "ತೇಪೆ ಹಾಕಿದ್ರೆ ತೇಪೆ ಥರಾನೇ ಕಾಣೋದು. ಬಣ್ಣ ಕೂಡಲ್ಲ. ಚೌಕವಾಗಿ ಕೊರೆದು ಸುತ್ತ ಕಪ್ಪು ಪಟ್ಟಿ ಎಳೀತೀನಿ, ಬೇಕು ಅಂತಾನೇ ಮಾಡಿಸಿದ ಹಾಗಿರುತ್ತೆ" ಅಂದರು. ಹಳೇ ಮನೆಗಳಲ್ಲಿ ಅಂಥ ಪಟ್ಟಿ ನೋಡಿದ್ದೆವು. ಒಪ್ಪಿದೆವು. 9,000 ಆಯಿತು. ಒಂದು ವಾರ ನೀರು ಕಟ್ಟಿದ್ದಷ್ಟು ದಿನ ಬಚ್ಚಲಿಗೆ ಹಿತ್ತಲ ಬಾಗಿಲಿಂದ ಸುತ್ತಿ ಹೋಗಿದ್ದು ಬೇರೆ.

ಬಾಕಿ ದುಡ್ಡು ಹಾಕುವ ಮುಂಚೆ ಆ ಹುಡುಗನಿಗೆ ಫೋನ್ ಮಾಡಿದೆ. ಪೂರಾ ಕೂಲಿ ಬಂದಿದೆ ಅಂದ. ಆಮೇಲೆ "ನೆಲ ಒಣಗೈತೇನ್ರಿ?" ಅಂತ ಅವನೇ ಕೇಳಿದ.

ಒಣಗಿದೆ. ಆದರೆ ಚೌಕ ಇನ್ನೂ ಸುತ್ತಲಿನ ನೆಲಕ್ಕಿಂತ ಗಾಢವಾಗಿದೆ, ಹೊಳಪೂ ಕಮ್ಮಿ. ಅಮ್ಮ ಶುಕ್ರವಾರ ಶುಕ್ರವಾರ ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸುತ್ತಾಳೆ. ಬಚ್ಚಲ ಬಾಗಿಲಲ್ಲೇ ಎಣ್ಣೆ ಹಚ್ಚಿದರೆ ಅಪ್ಪ ಜಾರುತ್ತಾರೆ ಅಂತ ನಾನು. ಈಗ ಮನೆಯಲ್ಲಿ ನಡೆಯುತ್ತಿರುವ ಜಗಳ ಅದು.