ಹಿರಿಯರ ಬಾಯನ್ನು ನೋಡುವ ವಿದ್ಯೆ



ಸೋಮವಾರದ ಪ್ರಾರ್ಥನೆಯ ತರುವಾಯ ಬಾಲಿಕೆಯರ ಉಗುರನ್ನೂ ಹಲ್ಲನ್ನೂ ಪರೀಕ್ಷಿಸುವ ನಮ್ಮ ಶಾಲೆಯ ಪದ್ಧತಿಯನ್ನು ನೀವು ಮರೆತಿರಲಾರಿರಿ. ಒಂದು ಕಾಲಕ್ಕೆ ಆ ಸಾಲಿನಲ್ಲಿ ನಾವೂ ಬಾಯಿ ತೆರೆದು ನಿಂತಿದ್ದೆವು; ಉಪಾಧ್ಯಾಯಿನಿಯರ ತರಬೇತಿಯನ್ನು ಮುಗಿಸಿದ ಮೇಲೆ ಅದೇ ಸಾಲನ್ನು ಪರೀಕ್ಷಿಸುವ ಅಧಿಕಾರವನ್ನೂ ಪಡೆದೆವು. ಆದರೆ ಪರರ ಮಕ್ಕಳ ಹಲ್ಲುಗಳನ್ನು ನೋಡುತ್ತಿದ್ದ ನಾವು, ನಮ್ಮನ್ನು ಸಾಕಿ ಸಲಹಿದ ಅಜ್ಜಿಯ ಬಾಯನ್ನು ಒಂದು ದಿನವಾದರೂ ನೋಡಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ.

ಅಜ್ಜಿಗೆ ಎಲೆಯಡಿಕೆಯೊಡನೆ ಒಂದು ಚೂರು ಹೊಗೆಸೊಪ್ಪು ಬೇಕೇ ಬೇಕು. ಮಲಗುವಾಗಲೂ ಅದನ್ನು ಎಡಗೆನ್ನೆಯಲ್ಲಿ ಒತ್ತಿಟ್ಟುಕೊಳ್ಳುವರು. 2000ನೆಯ ಇಸವಿಯ ಸುಮಾರಿಗೆ ಸಾರಿನ ಖಾರ ಉರಿಯುತ್ತದೆಂದು ಮಜ್ಜಿಗೆಯನ್ನಕ್ಕೆ ಇಳಿದರು. ಬರಬರುತ್ತಾ ತುತ್ತು ಚಿಕ್ಕದಾಯಿತು. ಮಾತನಾಡುವಾಗ ಸೆರಗು ಬಾಯಿಗೆ ಬಂದಿತು. ಅದೆಲ್ಲವನ್ನೂ ನಾವು ವೃದ್ಧಾಪ್ಯವೆಂದು ತಿಳಿದೆವು. ಹಿರಿಯರಿಗೆ ‘ಬಾಯಿ ತೆರೆಯಿರಿ’ ಎನ್ನುವುದು ಅವಿನಯವೆಂದೂ ಭಾವಿಸಿದೆವು. 2001ರಲ್ಲಿ ಆಸ್ಪತ್ರೆಗೆ ಕರೆದೊಯ್ದಾಗ, ಎಡಗೆನ್ನೆಯ ಕ್ಯಾನ್ಸರ್ ಕುತ್ತಿಗೆಯ ಗ್ರಂಥಿಗಳಿಗೆ ಹಬ್ಬಿಯಾಗಿತ್ತು. ‘ಈ ಹುಣ್ಣು ಎಷ್ಟು ದಿನಗಳಿಂದ ಇದೆ?’ ಎಂದು ವೈದ್ಯರು ಕೇಳಿದ ಪ್ರಶ್ನೆಗೆ ಮನೆಯವರಲ್ಲಿ ಯಾರಿಗೂ ಉತ್ತರ ತಿಳಿದಿರಲಿಲ್ಲ. ಏಳು ತಿಂಗಳಿಗೆ ಅಜ್ಜಿ ತೀರಿಕೊಂಡರು.

ಈ ಕೇಡು ಲೋಕಕ್ಕೆ ಅಜ್ಞಾತವಾಗಿರಲಿಲ್ಲ. ತಿರುವಾಂಕೂರು ಸೀಮೆಯ ನೆಯ್ಯೂರು ಮಿಶನ್ ಆಸ್ಪತ್ರೆಯಲ್ಲಿದ್ದ ಡಾಕ್ಟರ್ ಓರ್ ಎಂಬವರು, ಎಲೆಯಡಿಕೆ ಮೆಲ್ಲುವವರಿಗೆ ಬರುವ ಬಾಯಿಯ ಕ್ಯಾನ್ಸರನ್ನು ಕುರಿತು 1933ರಲ್ಲಿಯೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದಿದ್ದರು. ಹೊಗೆಸೊಪ್ಪಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿತು. ಅಡಿಕೆಯ ಫಸಲಿನಿಂದಲೇ ಮಕ್ಕಳ ವಿದ್ಯಾಭ್ಯಾಸವನ್ನು ನಡೆಸುವ ಪೋಷಕರು ನಮ್ಮಲ್ಲಿ ಅನೇಕರುಂಟು. ಅವರ ಮುಂದೆ ಈ ಮಾತನ್ನು ಆಡುವುದು ಸುಲಭವಲ್ಲ. ಆದರೂ ಮುಚ್ಚಿಡುವುದು ನ್ಯಾಯವಲ್ಲ.

ನಮ್ಮ ಮನಸ್ಸನ್ನು ಬಹಳವಾಗಿ ಕಲಕಿದ ಸಂಗತಿ ಬೇರೊಂದುಂಟು. ಅಜ್ಜಿ ಸೆರಗನ್ನು ಬಾಯಿಗೆ ಹಿಡಿದ ಆ ವರುಷಗಳಲ್ಲಿಯೇ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ಒಂದು ದೊಡ್ಡ ಸಂಶೋಧನೆ ನಡೆಯುತ್ತಿತ್ತು. 13 ವಿಭಾಗಗಳಲ್ಲಿ 7ನ್ನು ಆಯ್ದು, ವೈದ್ಯರಲ್ಲದ ಆದರೆ ತರಬೇತಿ ಹೊಂದಿದ ಕಾರ್ಯಕರ್ತರು, 35 ವರುಷ ಮತ್ತು ಅದಕ್ಕೆ ಮೇಲ್ಪಟ್ಟವರ ಬಾಯನ್ನು 1996ರಿಂದ 2004ರೊಳಗೆ ಮೂರು ಆವರ್ತಿ ಕಣ್ಣಾರೆ ಪರೀಕ್ಷಿಸಿ, ಸಂಶಯವಿದ್ದವರನ್ನು ವೈದ್ಯರಲ್ಲಿಗೆ ಕಳುಹಿಸಿದರು. 2005ರಲ್ಲಿ ಅದರ ಫಲ ಪ್ರಕಟವಾಯಿತು. ತಂಬಾಕು ಅಥವಾ ಮದ್ಯದ ಅಭ್ಯಾಸವುಳ್ಳವರಲ್ಲಿ ಬಾಯಿಯ ಕ್ಯಾನ್ಸರಿನ ಮರಣಗಳು, ಪರೀಕ್ಷೆ ನಡೆಯದ ವಿಭಾಗಗಳಿಗಿಂತ ಇಲ್ಲಿ ನೂರಕ್ಕೆ 34ರಷ್ಟು ಕಡಿಮೆಯಾಗಿದ್ದುವು. ದೊಡ್ಡ ಯಂತ್ರವೊಂದೂ ಬೇಕಾಗಿರಲಿಲ್ಲ. ಬೆಳಕೂ ಕಲಿತ ಕಣ್ಣೂ ಸಾಕಾಗಿದ್ದುವು.

ಅದನ್ನೋದಿದ ಮೇಲೆ ನಮ್ಮ ಮೇಲ್ತರಗತಿಯ ಬಾಲಿಕೆಯರಿಗೆ ಆರೋಗ್ಯಪಾಠದಲ್ಲಿ ಇದನ್ನೂ ಕಲಿಸುತ್ತಿದ್ದೇವೆ. ಒರಸಿದರೆ ಹೋಗದ ಬಿಳಿಯ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಖಾರ ತಾಳದ ಉರಿ, ಅಗಲವಾಗಿ ತೆರೆಯದ ಬಾಯಿ—ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು. ಹುಡುಗಿಯರ ಕೆಲಸ ನೋಡುವುದು. ರೋಗ ಯಾವುದೆಂದು ನಿರ್ಣಯಿಸುವುದು ವೈದ್ಯರದು.

‘ಹಿರಿಯರ ಬಾಯಿ ನೋಡುವುದನ್ನು ಶಾಲೆಯು ಕಲಿಸಬೇಕೇ, ಅಮ್ಮ?’ ಎಂದು ಪೋಷಕರೊಬ್ಬರು ನಮ್ಮನ್ನು ಕೇಳಿದರು. ಅವರು ಕೇಳಿದ್ದು ತಪ್ಪಲ್ಲ. ನಾವೂ ಹಾಗೆಯೇ ಬೆಳೆದವರು. ಆದರೆ ಆ ಮರ್ಯಾದೆಯು ನಮ್ಮ ಅಜ್ಜಿಗೆ ಯಾವ ಉಪಕಾರವನ್ನೂ ಮಾಡಲಿಲ್ಲ.

ಹಳೆಯ ವಿದ್ಯಾರ್ಥಿನಿಯರೇ, ಈ ಸಲ ತವರಿಗೆ ಹೋದಾಗ ಹಿರಿಯರನ್ನು ಕಿಟಕಿಯ ಬೆಳಕಿಗೆ ಕುಳ್ಳಿರಿಸಿ, ಒಮ್ಮೆ ಬಾಯಿ ತೆರೆಯಿರೆಂದು ಬೇಡಿಕೊಳ್ಳಿರಿ. ಅವಿನಯವೆಂದು ಅವರು ಗದರಿದರೆ, ಹಾಗೆ ಕಲಿಸಿದವರು ನಾವೆಂದು ಹೇಳಿರಿ.