ಬಯಲುಸೀಮೆಯಿಂದ ಕಡಲಾಳಕ್ಕೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಿರಿಯರು ಈಜು ಕಲಿತದ್ದು ತೋಟದ ಬಾವಿಗಳಲ್ಲಿ, ಬೆನ್ನಿಗೆ ಬೆಂಡು ಕಟ್ಟಿಕೊಂಡು. ಕೊಳವೆಬಾವಿಗಳು ಹೆಚ್ಚಿದಂತೆ ತೆರೆದ ಬಾವಿಗಳು ಬತ್ತಿದವು. ಮಕ್ಕಳಿಗೆ ನೀರಿನ ಸಲಿಗೆಯೂ ತಪ್ಪಿತು. ಆದರೂ ಕಡಲೊಳಗನ್ನು ಕಣ್ತುಂಬಿಕೊಳ್ಳಲು ಈಜು ಬಾರದಿರುವುದು ಅಡ್ಡಿಯಲ್ಲ.

ಮುರುಡೇಶ್ವರದ ದಡದಲ್ಲಿ ಅಲೆಗಳು ಮರಳು ಕದಡುವುದರಿಂದ ನೀರಡಿಯಲ್ಲಿ ಹೆಚ್ಚೇನೂ ಕಾಣದು. ದೋಣಿಯಲ್ಲಿ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪಕ್ಕೆ ಹೋದರೆ ತಿಳಿನೀರು, ಹವಳ, ಬಣ್ಣಬಣ್ಣದ ಮೀನು! ಹೊಸಬರನ್ನು ತರಬೇತುದಾರರು ಕೈಹಿಡಿದು, 12 ಮೀಟರ್ ಮೀರದಂತೆ ಇಳಿಸುತ್ತಾರೆ. ಮಳೆಗಾಲದಲ್ಲಿ ಮಾತ್ರ ಈ ಅವಕಾಶವಿಲ್ಲ.

ನೀರೊಳಗೆ ಉಸಿರು ಬಿಗಿಹಿಡಿಯಲೇಬಾರದು. ಇಳಿಯುವಾಗ ಮೂಗು ಒತ್ತಿ, ಮೆಲ್ಲಗೆ ಗಾಳಿಯೂದಿ ಕಿವಿಯ ಒತ್ತಡ ಸರಿಪಡಿಸಿಕೊಳ್ಳಬೇಕು. ಆಸ್ತಮಾ, ಹೃದ್ರೋಗ ಇದ್ದವರು ವೈದ್ಯರನ್ನು ಕೇಳದೆ ಇಳಿಯುವುದು ಸಲ್ಲದು.

ಬಯಲುಸೀಮೆಯವರು ಮರೆಯಬಾರದ ಮಾತು ಇನ್ನೊಂದಿದೆ. ಆಳದ ಒತ್ತಡದಲ್ಲಿ ರಕ್ತಕ್ಕೆ ಸೇರಿದ ಸಾರಜನಕ, ಎತ್ತರದ ತೆಳುಗಾಳಿಯಲ್ಲಿ ಗುಳ್ಳೆಗಟ್ಟಿ ಅಪಾಯ ತರಬಹುದು. ಈ ನಾಲ್ಕೂ ಊರುಗಳು ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿವೆ. ಮುಳುಗಿದ ಸಂಜೆಯೇ ಘಟ್ಟ ಹತ್ತದೆ, ಕನಿಷ್ಠ 12 ಗಂಟೆ ಕರಾವಳಿಯಲ್ಲೇ ಉಳಿದು, ಮರುದಿನ ಊರಿಗೆ ಹೊರಡುವುದು ಲೇಸು.