ನಿನ್ನೆಯ ಕಂತು

ನಾವು ಸಿಂಧನೂರಿನ ಪ್ರೌಢಶಾಲೆಯೊಂದರಲ್ಲಿ ಸಂಸ್ಕೃತವನ್ನು ಬೋಧಿಸುತ್ತಿದ್ದ ಕಾಲದ ಮಾತಿದು. 2004ನೆಯ ಇಸವಿಯ ಸುಮಾರು. ಬೆಳಿಗ್ಗೆ ಉಪಾಧ್ಯಾಯರ ಕೊಠಡಿಯಲ್ಲಿ ಕಾಲಿಟ್ಟರೆ ಪಾಠದ ಮಾತಿಲ್ಲ, ಪಗಾರದ ಮಾತೂ ಇಲ್ಲ. ಹಿಂದಿನ ರಾತ್ರಿ ಈಟಿವಿ ಕನ್ನಡದಲ್ಲಿ ಬಂದ ‘ಸಿಲ್ಲಿ ಲಲ್ಲಿ’ಯದೇ ಮಾತು. ವಿಜಯಪ್ರಸಾದರು ನಿರ್ದೇಶಿಸಿದ ಆ ಹಾಸ್ಯ ಧಾರಾವಾಹಿಯನ್ನು ವಾಚಕರಲ್ಲಿ ಅನೇಕರು ಮರೆತಿರಲಾರರು. ರವಿಶಂಕರ್ ಗೌಡರ ಡಾಕ್ಟರ್ ವಿಠಲ್‌ರಾವ್, ಮಂಜುಭಾಷಿಣಿಯವರ ಸಮಾಜಸೇವಕಿ ಲಲಿತಾಂಬ, ಇವರಿಬ್ಬರ ಹೆಸರೆತ್ತಿದರೆ ಸಾಕು, ಕೊಠಡಿಯಲ್ಲಿ ನಗೆ ಏಳುತ್ತಿತ್ತು. ಗಣಿತದ ಮಾಸ್ತರರು ಡಾಕ್ಟರರ ನಡಿಗೆಯನ್ನು ಅನುಕರಿಸುವರು. ವಿಜ್ಞಾನದವರು, ಇಂಥ ವೈದ್ಯನಿಗೆ ಪದವಿ ಕೊಟ್ಟವರು ಯಾರೆಂದು ಗಂಭೀರವಾಗಿ ಕೇಳುವರು. ಲಲಿತಾಂಬಳ ಸಮಾಜಸೇವೆಯು ಸ್ತ್ರೀಜಾತಿಗೆ ಅವಮಾನವೆಂದು ಒಬ್ಬರು ಆಕ್ಷೇಪಿಸಿದರೆ, ಹೊಲಿಗೆ ಕಲಿಸುವ ಅಕ್ಕೋರು ‘ಅವಮಾನ ಎಲ್ಲೀದ್ರೀ, ಅಂಥಾಕಿ ನಮ್ಮ ಓಣ್ಯಾಗ ಇಬ್ರು ಅದಾರ’ ಎಂದು ಆ ವಾದವನ್ನು ಮುಗಿಸಿಬಿಟ್ಟರು. ಸಿಹಿಕಹಿ ಚಂದ್ರು ಅವರ ‘ಪಾಪ ಪಾಂಡು’ವೇ ಮೇಲೆಂಬ ಪಕ್ಷವೂ ಒಂದಿತ್ತು, ಸಂಖ್ಯೆಯಲ್ಲಿ ಅಲ್ಪ, ಧ್ವನಿಯಲ್ಲಿ ಅಲ್ಪವಲ್ಲ.

ನಾವು ಮಾತ್ರ ವೃತ್ತಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕುಳಿತಿರುತ್ತಿದ್ದೆವು. ಭರತಮುನಿಯು ಹಾಸ್ಯದಲ್ಲಿ ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತವೆಂದು ಆರು ಬಗೆಗಳನ್ನು ಹೇಳಿ, ಕಡೆಯ ಎರಡನ್ನು ಅಧಮರಿಗೆ ಬಿಟ್ಟಿದ್ದಾನೆ. ಹಲ್ಲು ಕಾಣದ ಸ್ಮಿತವು ಉತ್ತಮರದು. ನಾವು ಉತ್ತಮರೆಂಬುದರಲ್ಲಿ ನಮಗೆ ಸಂಶಯವಿರಲಿಲ್ಲ. ಆದರೆ ಒಂದು ರಾತ್ರಿ ನಮ್ಮ ಮನೆಯವರು ಕಣ್ಣಲ್ಲಿ ನೀರು ಬರುವಂತೆ ಪಕ್ಕೆ ಹಿಡಿದುಕೊಂಡು ನಗುತ್ತಿರುವುದನ್ನು ಕೇಳಿ, ಶಾಂತವಾಗಿರಲು ಹೇಳೋಣವೆಂದು ಎದ್ದು ಹೋದವರು ಬಾಗಿಲ ಮರೆಯಲ್ಲೇ ನಿಂತುಬಿಟ್ಟೆವು. ಮರುದಿನವೂ ನಿಂತೆವು. ಮೂರನೆಯ ದಿನ ಅವರೇ ಕುರ್ಚಿಯನ್ನು ಎಳೆದಿಟ್ಟರು, ಮಾತಾಡಲಿಲ್ಲ.

ಇಲ್ಲಿ ನಮ್ಮ ತಮ್ಮನ ವಿಷಯವನ್ನು ಹೇಳಬೇಕು. ಅವನು ಮಸ್ಕಿಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡವನು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ನಮ್ಮ ಪಿತ್ರಾರ್ಜಿತ ಎಂಟು ಎಕರೆ ಹೊಲವಿತ್ತು. ಪಾಲಾಗುವಾಗ ಹಿರಿಯನೆಂಬ ಹಕ್ಕಿನಿಂದ ತೂಬಿನ ಮಗ್ಗುಲಿನ ನಾಲ್ಕು ಎಕರೆಯನ್ನು ನಾವು ಇಟ್ಟುಕೊಂಡೆವು. ಕೆಳಗಿನ ನಾಲ್ಕು ಅವನ ಪಾಲಿಗೆ ಹೋಯಿತು. ಮೇಲಿನವರು ಭತ್ತಕ್ಕೆ ನೀರು ನಿಲ್ಲಿಸಿಕೊಂಡರೆ ಕಾಲುವೆಯ ಕೊನೆಯವರಿಗೆ ಏನುಳಿಯುವುದೆಂಬುದನ್ನು ಈ ಸೀಮೆಯ ಒಕ್ಕಲಿಗರಿಗೆ ನಾವು ವಿವರಿಸಬೇಕಾಗಿಲ್ಲ. ಎರಡು ವರ್ಷ ಅವನ ಪೈರು ಒಣಗಿತು. ಮಾತಿಗೆ ಮಾತು ಬೆಳೆದು ನಾವು ‘ನಿನ್ನದು ಪ್ರಾಕೃತ ಬುದ್ಧಿ’ ಎಂದುಬಿಟ್ಟೆವು. ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತ ‘ನಮ್ಮೂರಿನ ಅಶೋಕನ ಕಲ್ಲೂ ಪ್ರಾಕೃತದಾಗೇ ಐತಿ ಬಿಡಣ್ಣ’ ಎಂದು ಹೊರಟುಹೋದನು. 1915ರಲ್ಲಿ ಬೆಳಕಿಗೆ ಬಂದ ಆ ಶಾಸನದಲ್ಲಿ ದೇವಾನಾಂಪ್ರಿಯನ ಬಿರುದಿನೊಡನೆ ಅಶೋಕನೆಂಬ ಹೆಸರೂ ಇದೆಯೆಂದು ಅವನಿಗೆ ಬಾಲ್ಯದಲ್ಲಿ ಹೇಳಿಕೊಟ್ಟವರು ನಾವೇ. ಅನಂತರ ನಾಲ್ಕು ವರ್ಷ ಮಾತಿಲ್ಲ. ಮದುವೆ ಮುಂಜಿಗಳಲ್ಲಿ ಬೇರೆ ಬೇರೆ ಪಂಕ್ತಿಯಲ್ಲಿ ಕುಳಿತು ಉಂಡು ಬರುತ್ತಿದ್ದೆವು.

ಲಿಂಗಸುಗೂರಿನಲ್ಲಿ ನಮ್ಮ ಅಕ್ಕ ಇದ್ದಳು. ಅವಳಿಗೆ ನಮ್ಮ ಮನೆಯವರು ಕುರ್ಚಿಯ ವೃತ್ತಾಂತವನ್ನು ತಿಳಿಸಿದರು. ಅವಳು ಮಸ್ಕಿಗೆ ‘ಅವನೂ ನೋಡತಾನಪಾ’ ಎಂದು ಸುದ್ದಿ ಮುಟ್ಟಿಸಿದಳು.

ಒಂದು ಬೆಳಿಗ್ಗೆ ಫೋನು ಬಾರಿಸಿತು. ಎತ್ತಿದೆವು. ಸ್ವಲ್ಪ ಹೊತ್ತು ಉಸಿರಿನ ಸಪ್ಪಳ. ಆಮೇಲೆ, ‘ಅಣ್ಣಾ, ನಿನ್ನಿ ಇಲ್ಲಿ ಕರೆಂಟ್ ಹೋತು. ಮುಂದ ಏನಾತು?’

ಅಂದಿನ ಕಂತಿನ ಕಥೆ ಈಗ ನಮಗೆ ಲೇಶವೂ ನೆನಪಿಲ್ಲ. ಅಂದು ಮಾತ್ರ ಮೊದಲಿನಿಂದ ಕಡೆಯವರೆಗೆ, ಡಾಕ್ಟರರ ಧ್ವನಿಯಲ್ಲಿಯೇ ಒಪ್ಪಿಸಿದೆವು. ಅಡಿಗೆಮನೆಯಿಂದ ಮನೆಯವರು ಬಂದು ನೋಡುತ್ತ ನಿಂತರು. ಅತ್ತ ಕಡೆಯಿಂದ ಕೇಳಿಬಂದದ್ದು ನಿಸ್ಸಂದೇಹವಾಗಿ ಅತಿಹಸಿತ.

ತರುವಾಯ ವಾರಕ್ಕೆರಡು ಬಾರಿಯಾದರೂ ಮಸ್ಕಿಯಲ್ಲಿ ಕರೆಂಟು ಹೋಗತೊಡಗಿತು. ಅಷ್ಟೊಂದು ಹೋಗುತ್ತಿತ್ತೇ ಎಂದು ನಾವು ಎಂದೂ ವಿಚಾರಿಸಲಿಲ್ಲ. ನಮ್ಮಲ್ಲಿಯೂ ಹೋಗುತ್ತಿತ್ತೆಂದು ನಾವೂ ಹೇಳುತ್ತಿದ್ದೆವು. ಹೊಲದ ಮಾತನ್ನು ಇಬ್ಬರೂ ಎತ್ತಲಿಲ್ಲ. ಹೀಗೆ ಆರು ತಿಂಗಳು ಕಳೆದ ಮೇಲೆ, ಲಲಿತಾಂಬಳ ಮಾತು ಮುಗಿದ ಬಳಿಕವೂ ಅವನು ಫೋನು ಇಡಲಿಲ್ಲ. ‘ಈ ಸಲ ನೀರು ಯಾವಾಗ ಬಿಡ್ತಾರಂತ?’ ಎಂದನು. ನಾವು, ಬರುವ ಭಾನುವಾರ ಹೊಲಕ್ಕೆ ಬಾ ಎಂದೆವು. ತೂಬಿನಿಂದ ಕೆಳಗಿನವರೆಗೆ ಉದ್ದಕ್ಕೆ ಬದು ಹಾಕಿಸಿ, ಇಬ್ಬರಿಗೂ ಮೇಲೆ ಎರಡು, ಕೆಳಗೆ ಎರಡು ಎಕರೆ ಬರುವಂತೆ ಮಾಡಿದೆವು. ನಾಲ್ಕು ವರ್ಷದ ಹಿಂದೆಯೇ ಇದು ನಮಗೆ ಹೊಳೆಯದಿದ್ದುದಕ್ಕೆ ನಮ್ಮ ಪಾಂಡಿತ್ಯದಲ್ಲಿ ಉತ್ತರವಿಲ್ಲ.

ಧಾರಾವಾಹಿ ಮುಗಿಯಿತು, 2015ರಲ್ಲಿ ಆ ವಾಹಿನಿಯ ಹೆಸರೂ ಕಲರ್ಸ್ ಕನ್ನಡವೆಂದು ಬದಲಾಯಿತು. ಅಕ್ಕ ತೀರಿಕೊಂಡಳು. ಮಸ್ಕಿ ಈಗ ತಾನೇ ಒಂದು ತಾಲ್ಲೂಕಾಗಿದೆ. ಹಳೆಯ ಕಂತುಗಳೆಲ್ಲ ಮೊಬೈಲಿನಲ್ಲಿ ಸಿಕ್ಕುತ್ತವೆ. ತಮ್ಮನು ರಾತ್ರಿ ಒಂದನ್ನು ಕಳುಹಿಸುತ್ತಾನೆ, ನಾವು ನೋಡುತ್ತೇವೆ. ಕರೆಂಟು ಹೋದರೂ ಮೊಬೈಲು ನಿಲ್ಲುವುದಿಲ್ಲ. ಆದರೂ ಬೆಳಿಗ್ಗೆ ಅವನಿಗೆ ಫೋನು ಮಾಡಿ, ‘ನಿದ್ದಿ ಹತ್ತಿಬಿಡ್ತಪಾ, ಮುಂದ ಏನಾತು?’ ಎಂದು ಕೇಳುತ್ತೇವೆ.